ಹೊಲಿಗೆ ಮಿಷನ್ ಬಚ್ಚಿಡಲು ಒಂದು ಕಪಾಟು

ಮರ ಕೊಯ್ಯುವುದೂ ಬಟ್ಟೆ ಕತ್ತರಿಸುವುದೂ ಒಂದೇ ಎಂದು ನಾನು ತಿಳಿದಿದ್ದೆ. ಅರವತ್ತೆಂಟು ವರ್ಷ ಬದುಕಿದವಳಿಗೆ ಇಷ್ಟು ದಡ್ಡತನ ಇರಬಾರದು. ಆದರೆ ಇತ್ತು. ಅದಕ್ಕೆ ಸಾಕ್ಷಿ ಮಾನ್ವಿ ಊರಿನ ನಮ್ಮ ಮನೆಯ ಹಾಲ್‌ನಲ್ಲಿ ನಿಂತಿದೆ: ಹೊಲಿಗೆ ಮಿಷನ್‌ಗೆಂದು ನಾನೇ ಮಾಡಿದ ಕಪಾಟು.

ಮೊಮ್ಮಗಳನ್ನು ನೋಡಲು ದೇವದುರ್ಗದಿಂದ ಗಂಡಿನವರು ಬರುವವರಿದ್ದರು. ಹದಿನೈದು ದಿನ ಮೊದಲೇ ನನ್ನ ಮಗ ಹಾಲ್ ತುಂಬ ಕಣ್ಣಾಡಿಸಿ ಹೇಳಿದ:

"ಯವ್ವಾ, ಬಂದವರ ಕಣ್ಣಿಗಿ ಮೊದಲ ಮಿಷನ್ನ ಬೀಳತದ. ಮ್ಯಾಲಿನ ಖೋಲ್ಯಾಗ ಒಗೀತೀನಿ."

"ನನ್ನೂ ಅಲ್ಲೇ ಒಗಿ. ಮೊಣಕಾಲು ಮೆಟ್ಲಾ ಹತ್ತಂಗಿಲ್ಲ, ಹೊತಗೊಂಡು ಹೋಗು," ಎಂದೆ.

ಸೊಸೆ ನಡುವೆ ಬಂದಳು. "ಕಪಾಟಿನ್ಯಾಗ ಇಟ್ರ ಆತಲ್ರೀ ಅತ್ತಿ. ಇಲ್ಲೇ ಇರತದ, ಕಾಣಂಗಿಲ್ಲ."

ಮಗ ಹೈಸ್ಕೂಲ್ ಮಾಸ್ತರ. ಮಿಷನ್ ತುಳಿದು ಅವನನ್ನು ಓದಿಸಿದೆ ಎಂದು ನಾನು ಎಲ್ಲೂ ಹೇಳುವುದಿಲ್ಲ. ಸಭೆಗಳಲ್ಲಿ ಅವನೇ ಮೈಕ್ ಹಿಡಿದು ಹೇಳುತ್ತಾನೆ, ಚಪ್ಪಾಳೆ ಬೀಳುತ್ತವೆ. ಮನೆಗೆ ಜನ ಬರುತ್ತಾರೆ ಎಂದಾಗ ಮಾತ್ರ ಮಿಷನ್ ಕಾಣಬಾರದು. ಪೊಲೀಸನ ಮನೆಯಲ್ಲಿ ಅವನ ಟೋಪಿ ಗೋಡೆಯ ಮೊಳೆಗೆ ತೂಗುತ್ತದೆ. ವಕೀಲನ ಕರಿಕೋಟು ಬಾಗಿಲ ಹಿಂದಿದ್ದರೂ ಅರ್ಧ ಹೊರಗೆ ಇಣುಕುತ್ತದೆ. ನನ್ನ ಮಗನ ಡಿಗ್ರಿ ಕಾಗದ ಗಾಜಿನೊಳಗೆ, ಹಾಲ್‌ನ ನಟ್ಟನಡುವೆ ಇದೆ. ಕೈ ಜಡ್ಡುಗಟ್ಟಿಸುವ ಸಾಮಾನನ್ನು ಮಾತ್ರ ಕಸಬರಿಗೆಯಂತೆ ಮೂಲೆ ಸೇರಿಸಬೇಕು. ಇದನ್ನು ಯಾರು ಗೊತ್ತು ಮಾಡಿದರೋ ನನಗೆ ತಿಳಿಯದು. ನಾನು ಓದಿದ್ದು ಮೂರನೆಯ ಇಯತ್ತೆ.

ರಾಯಚೂರಿನ ಫರ್ನಿಚರ್ ಅಂಗಡಿಯಲ್ಲಿ ಕೇಳಿದೆ. "ಮಿಷನ್‌ಗಿ ಕಪಾಟಾ?" ಎಂದು ಅಂಗಡಿಯವ ನಕ್ಕ. ಆ ನಗು ನನಗೆ ಸೇರಲಿಲ್ಲ. ಮನೆಗೆ ಬಂದವಳೇ ಮಗನ ಹಳೆಯ ಮಂಚ ಬಿಚ್ಚಿದೆ. ಪಕ್ಕದ ಮನೆಯ ಬಡಿಗ ಮಲ್ಲಪ್ಪನಿಂದ ಗರಗಸ ತಂದೆ. ಅಳತೆ ಟೇಪು ಕೊರಳಲ್ಲೇ ಇತ್ತು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಐವತ್ತು ವರ್ಷದ ಅಭ್ಯಾಸದಂತೆ, ಪ್ರತಿ ಅಂಚಿಗೂ ಹೊಲಿಗೆಗೆಂದು ಒಂದು ಇಂಚು ಹೆಚ್ಚಿಗೆ ಬಿಟ್ಟು ಕೊಯ್ದೆ. ಮೊಳೆ ಹೊಡೆದು ನೋಡಿದರೆ ಎರಡು ಬಾಗಿಲುಗಳು ಒಂದರ ಮೇಲೊಂದು ಏರಿ ಕುಳಿತಿವೆ. ಮುಚ್ಚಲೊಲ್ಲವು.

ಮಲ್ಲಪ್ಪ ಬಂದು ಅಳೆದು, ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ಹೊಲಿಗಿಗಿ ಬಿಟ್ಟೀಯೇನು? ಕಟ್ಟಗಿ ಒಗದ್ರ ಕುಗ್ಗತದಂತ ಮಾಡೀಯೇನ?"

"ಕಪಾಟಿಗಿ ಮೈ ಬಂದ್ರ ಬಿಚ್ಚಿ ಅಗಲ ಮಾಡಾಕ ಬಿಟ್ಟೀನಿ. ಮುಚ್ಚಲೇ ಬಾಯಿ."

ಆ ಇಂಚನ್ನು ಮತ್ತೆ ಕೊಯ್ಯಲು ಎರಡು ದಿನ ಹಿಡಿಯಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. ಬಾಗಿಲು ಮುಚ್ಚಿದ ದಿನ ಸೊಸೆ ಕಪಾಟಿನ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು ಹಿಗ್ಗಿದಳು: "ಒಳಗ ಮಿಷನ್ ಅದ ಅಂತ ಯಾರಿಗೂ ಗೊತ್ತಾಗಂಗಿಲ್ಲ ನೋಡ್ರಿ ಅತ್ತಿ!" ಹೊಗಳಿಕೆಯೂ ಕಹಿಯಾಗಿರುತ್ತದೆ ಎಂದು ಅಂದು ಗೊತ್ತಾಯಿತು. ಮರುದಿನ ಕುಬಸದ ಬಟ್ಟೆ ಹಿಡಿದು ಬಂದ ಹೆಂಗಸೊಬ್ಬಳು ಹೊಸ್ತಿಲಲ್ಲೇ ನಿಂತು ಹಾಲ್ ನೋಡಿದಳು. "ಹೊಲಿಯೂದು ಬಿಟ್ಟಿಯೇನಬೇ?" ಎಂದವಳು ನಾನು ಉತ್ತರ ಕೊಡುವ ಮೊದಲೇ ಹೊರಟುಹೋದಳು. ನನ್ನ ಕಸುಬನ್ನು ನಾನೇ ಅಳತೆ ತೆಗೆದು ಮುಚ್ಚಿದ್ದೆ.

ಗಂಡಿನವರು ಬಂದರು. ಹುಡುಗನ ತಾಯಿ ಮೈ ತುಂಬಿದ ಹೆಂಗಸು. ಬಸ್ಸಿನ ಕಂಬಿ ಹಿಡಿದು ಹತ್ತುವಾಗ ಕುಬಸದ ತೋಳಿನ ಹೊಲಿಗೆ ಬಿಟ್ಟುಹೋಗಿ, ಮೈತುಂಬ ಸೆರಗು ಹೊದ್ದು ಕುಳಿತಿದ್ದಳು. ಸೊಸೆಯನ್ನು ಮೆಲ್ಲಗೆ ಕೇಳಿದಳು: "ಇಲ್ಲೆ ಸಮೀಪ ಯಾರರ ಹೊಲಿಯವರು ಅದಾರೇನ್ರೀ?"

ಸೊಸೆ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಳು. "ಬಸ್‌ಸ್ಟ್ಯಾಂಡ್ ಹಂತೇಲಿ ಅದಾರ್ರೀ," ಎಂದಳು. ಮಗ ನೆಲ ನೋಡಿದ.

ನಾನು ಎದ್ದೆ. ಸೊಸೆಯನ್ನು ಸರಿಸಿ, ಕುಂಡ ಎತ್ತಿ ಮಗನ ಕೈಗೆ ಕೊಟ್ಟೆ, ಕಪಾಟಿನ ಬಾಗಿಲು ತೆರೆದೆ. "ಒಳಗಿನ ಖೋಲ್ಯಾಗ ಹೋಗಿ ಕುಬಸ ಬಿಚ್ಚಿ ಕೊಡ್ರಿ. ಚಾ ಕುಡಿಯೂದ್ರಾಗ ಹೊಲದ ಕೊಡತೀನಿ."

ಹೊಲಿದು ಕೊಟ್ಟ ಕುಬಸ ಹಾಕಿಕೊಂಡು ಬಂದವಳು ತೋಳು ಎತ್ತಿ ಇಳಿಸಿ ನೋಡಿದಳು. "ಹಿಂಗ ಯಾರೂ ಹೊಲದಿದ್ದಿಲ್ರೀ ಯವ್ವಾ."

ಮಗ ಕೂಡಲೇ ಹಲ್ಲು ಬಿಟ್ಟ. "ನಮ್ಮವ್ವ ಇದರ ಮ್ಯಾಲೇ ನನ್ನ ಓದಿಸ್ಯಾಳ್ರೀ." ಕುಂಡ ಇನ್ನೂ ಅವನ ಕೈಯಲ್ಲೇ ಇತ್ತು.

ತಿಂಗಳಾಯಿತು. ಕಪಾಟಿನ ಬಾಗಿಲುಗಳನ್ನು ಬಿಚ್ಚಿ ಒಲೆಗೆ ಹಾಕಿದ್ದೇನೆ. ಒಳ್ಳೆಯ ಕಟ್ಟಿಗೆ, ಚೆನ್ನಾಗಿ ಉರಿಯಿತು. ದೇವದುರ್ಗದಿಂದ ಆ ತಾಯಿ ಆರು ಕುಬಸದ ಬಟ್ಟೆ ಕಳಿಸಿದ್ದಾಳೆ. ಮೊಮ್ಮಗಳ ವಿಷಯ ಮಾತ್ರ ಒಂದು ಮಾತೂ ಇಲ್ಲ. ಜನರಿಗೆ ನಮ್ಮ ಕೈ ಬೇಗ ಬೇಕಾಗುತ್ತದೆ, ನಮ್ಮ ಮನೆ ಬೇಕಾಗಲು ಹೊತ್ತು ಹಿಡಿಯುತ್ತದೆ. ಫೋನ್ ಮಾಡಿ ಕೇಳು ಎಂದು ಮಗ ಬೆನ್ನು ಬಿದ್ದಿದ್ದಾನೆ. ನಾನು ಕೇಳುವುದಿಲ್ಲ. ಅಂದಿನ ಕುಬಸದ ಅಳತೆ ನೆನಪಿಟ್ಟು ಐದು ಕುಬಸ ಹೊಲಿದು ಮಡಚಿಟ್ಟಿದ್ದೇನೆ. ಆರನೆಯದನ್ನು ಆ ತಾಯಿಯ ಮೈಮೇಲೆ ಇಟ್ಟು ನೋಡದೆ ಮುಗಿಸುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಬರಲಿ, ಇದೇ ಹಾಲ್‌ಗೆ.