ಕೊಳೆಯಾಗದ ನಕ್ಷೆ

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಗ್ರೀಸಿನ ಕಪ್ಪು ಕೂತಿರುತ್ತಿತ್ತು. ದಾವಣಗೆರೆಯ ಕಾಲೇಜಿನಲ್ಲಿ ನಮಗೆ ರಾಸಾಯನಿಕ ಕಾರ್ಖಾನೆಗಳ ವಿನ್ಯಾಸ, ಸುರಕ್ಷತೆ ಕಲಿಸಿದವರು ಅವರು. ಬೇರೆ ಮೇಷ್ಟ್ರುಗಳ ಕೈಗೆ ಸೀಮೆಸುಣ್ಣ ಮೆತ್ತಿದರೆ ಇವರ ಕೈಗೆ ಗ್ರೀಸು. ಎಷ್ಟು ಚಂದದ ನಕ್ಷೆ ಬರೆದರೂ, ಕೊನೆಗೆ ಕೊಳಕು ನೀರು ಎಲ್ಲಿಗೆ ಹೋಗುತ್ತದೆಂದು ತೋರಿಸದವರಿಗೆ ಅಂಕ ಕೊಡುತ್ತಿರಲಿಲ್ಲ. ಹೊಳೆ ನೀರು ಕುಡಿಯೋರು ನಿಮ್ಮ ಬೀಗರಲ್ಲವೇನೋ ಎಂದು ಚುಚ್ಚುತ್ತಿದ್ದರು.

ಅವರದೊಂದು ಪದ್ಧತಿ. ನಕ್ಷೆ ಹಿಡಿದು ಪೈಪಿನ ಜೊತೆ ಜೊತೆಗೇ ನಡೆಯಬೇಕು, ಪ್ರತಿ ವಾಲ್ವನ್ನೂ ಕೈಯಿಂದ ಮುಟ್ಟಬೇಕು, ಮುಟ್ಟಿದ ಮೇಲೆ ಕೆಂಪು ಪೆನ್ಸಿಲಿನ ಗುರುತು. ಎಲ್ಲ ಮುಗಿದ ಮೇಲಷ್ಟೇ ಸಹಿ. ಹರಿಹರದ ಒಂದು ಕಾರ್ಖಾನೆಗೆ ಕರೆದೊಯ್ದಾಗ ನಾನು ಬಿಸಿಲಿಗೆ ಸೋತು, ದೂರದಿಂದಲೇ ಒಂದು ವಾಲ್ವಿಗೆ ಗುರುತು ಹಾಕಿದೆ. ಅವರು ಕೈಹಿಡಿದು ಅಲ್ಲಿಗೇ ಎಳೆದೊಯ್ದರು. ವಾಲ್ವಿತ್ತು, ತಿರುಗಿಸುವ ಹಿಡಿಯೇ ಇರಲಿಲ್ಲ.

“ಐತೆ ಅಂತ ಗುರ್ತು ಹಾಕಿದ್ಯಲ್ಲ, ಈಗ ಮುಚ್ಚು ನೋಡಾನ,” ಎಂದರು. ಆಮೇಲೆ ನನ್ನ ಶುಭ್ರ ಹಾಳೆ ನೋಡಿ, “ಕೊಳೆ ಆಗದಿರೋ ನಕ್ಷೆ ಸುಳ್ಳು ನಕ್ಷೆ ಕಣಪ್ಪ,” ಎಂದರು. ಆ ಒಂದು ಮಾತು ಹಿಡಿದೇ ನಾನು ಎಂಜಿನಿಯರ್ ಆದೆ.

ಮುಂದೆ ಹರಿಹರದ ಕಡೆಯೇ ಇನ್ನೊಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ರಾಸಾಯನಿಕ ಕಾಯಿಸುವ ದೊಡ್ಡ ಪಾತ್ರೆ, ಒತ್ತಡ ಮಿತಿಮೀರಿದರೆ ಹೊರಬಿಡಲು ಅದರ ಮೇಲೊಂದು ಪೈಪು. ರಿಪೇರಿಯಾದಾಗಿನಿಂದ, ಆ ಪೈಪಿನಿಂದ ಸದಾ ಬರುತ್ತಿದ್ದ ವಾಸನೆಯೇ ನಿಂತುಹೋಗಿತ್ತು. ಯಾರಾದರೂ ಅದರ ಬಾಯಿ ಮುಚ್ಚಿದ್ದಾರೇನೋ ಎಂದು ನನಗೆ ಗುಮಾನಿ. ಪಾತ್ರೆ ನಿಲ್ಲಿಸಿ, ಹತ್ತಿ ನೋಡುತ್ತೇನೆಂದು ಮ್ಯಾನೇಜರಿಗೆ ಹೇಳಿದೆ. ಅವರು ರಿಪೇರಿಯಾದ ಮೇಲೆ ನಡೆದ ತಪಾಸಣೆಯ ವರದಿ ಮುಂದಿಟ್ಟರು. ತಪಾಸಣೆ ಮಾಡಿದವರು, ನಿವೃತ್ತರಾದ ಮೇಲೆ ಕಾರ್ಖಾನೆಗಳ ಸುರಕ್ಷತೆ ಪರೀಕ್ಷಿಸುತ್ತಿದ್ದ ನಮ್ಮ ಮೇಷ್ಟ್ರೇ. ಜೊತೆಗಿದ್ದ ನಕ್ಷೆಯಲ್ಲಿ ಆ ಪೈಪಿಗೂ ಕೆಂಪು ಗುರುತು, ಕೆಳಗೆ ಅವರ ಸಹಿ. ನಕ್ಷೆಯ ಮೇಲೆ ಒಂದು ಬೆರಳಿನ ಕಲೆಯೂ ಇರಲಿಲ್ಲ. ಅದನ್ನು ನೋಡಿದೆ, ನೋಡಿಯೂ ಸುಮ್ಮನಾದೆ. ಮೇಷ್ಟ್ರು ಮುಟ್ಟದೆ ಗುರುತು ಹಾಕುವವರೇ?

ವಾರದೊಳಗೆ ಪಾತ್ರೆಯ ಮುಚ್ಚಳ ಕಿತ್ತು ಹಾರಿತು. ಹತ್ತಿರದ ಊರು ಕೊಂಡಜ್ಜಿಯಿಂದ ಬರುತ್ತಿದ್ದ ಆಪರೇಟರನ ಎರಡೂ ಕೈ ಸುಟ್ಟವು. ವಾಸನೆ ಬರುತ್ತದೆಂದು ಯಾರೋ ಪೈಪಿನ ಬಾಯಿಗೆ ತಗಡು ಹಾಕಿ ಬೋಲ್ಟ್ ಬಿಗಿದಿದ್ದರು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿದ್ದ ಮೇಷ್ಟ್ರ ಮನೆಗೆ ಹೋದೆ. ಕೂಡು ಎಂದರೂ ಕೂರಲಿಲ್ಲ. ಹತ್ತಿ ನೋಡಿದ್ರಾ ಸರ್ ಎಂದು ಕೇಳಿದೆ. ಮಂಡಿ ನೀವಿಕೊಂಡರು. ಉಗುರಿನ ಸಂದಿ ಬೆಳ್ಳಗಿತ್ತು.

“ಮೆಟ್ಲು ಹತ್ತಾಕೆ ಆಗ್ಲಿಲ್ಲಪ್ಪ. ಆಫೀಸ್‌ನಾಗೇ ಕೂತು ಗುರ್ತು ಹಾಕಿದೆ. ನೀನು ಅಲ್ಲೇ ಅದೀಯಲ್ಲ, ನೋಡಿರ್ತೀಯ ಅಂದ್ಕಂಡೆ.”

ಅವರ ಸಹಿ ನಂಬಿ ನಾನು ಹತ್ತಿರಲಿಲ್ಲ. ನನ್ನನ್ನು ನಂಬಿ ಅವರೂ ಹತ್ತಿರಲಿಲ್ಲ. ನಂಬಿಸಿ ಕತ್ತು ಕೊಯ್ದಿರಿ ಸರ್ ಎಂದು ಹೇಳಿ, ನನ್ನ ಪಾಲಿನ ತಪ್ಪನ್ನೂ ಅವರ ತಲೆಗೇ ಕಟ್ಟಿ ಬಂದುಬಿಟ್ಟೆ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಹೋಗಿದ್ದೆ, ಕಾಲು ಮುಟ್ಟಲು ಮನಸ್ಸು ಬರಲಿಲ್ಲ. ಸಿಟ್ಟು ಇನ್ನೂ ಇದೆ. ಆದರೂ ಪ್ರತಿ ಸೋಮವಾರ, ಪಾತ್ರೆ ತಣ್ಣಗಿರುವಾಗ, ಮೆಟ್ಟಿಲು ಹತ್ತಿ ಆ ಪೈಪಿನ ಬಾಯಿಗೆ ಕೈ ಹಾಕಿ ನೋಡುತ್ತೇನೆ. ಕೆಳಗೆ ಅದೇ ಆಪರೇಟರ್ ನಿಂತಿರುತ್ತಾನೆ. ಮುದುಡಿದ ಬೆರಳುಗಳಿಂದ ವಾಲ್ವ್ ತಿರುಗಿಸಲಾಗದು, ಈಗ ನಕ್ಷೆ ಹಿಡಿಯುವ ಕೆಲಸ ಕೊಟ್ಟಿದ್ದಾರೆ. ಆ ವರದಿಗೆ ಸಹಿ ಹಾಕಿದವರು ಯಾರೆಂದು ಅವನಿಗೆ ಯಾರೂ ಹೇಳಿಲ್ಲ. ಹಿಂಗೆ ಮುಟ್ಟಿ ನೋಡೋದನ್ನು ಯಾರು ಕಲಿಸಿದರು ಎಂದು ಒಮ್ಮೆ ಕೇಳಿದ. ನಮ್ಮ ಮೇಷ್ಟ್ರು ಎಂದೆ.

“ಭಾಳ ಚಲೋ ಮೇಷ್ಟ್ರು ಬಿಡ್ರಿ ಸರ್,” ಎಂದ.