ದೊಡ್ಡಮ್ಮ ಕರೆಯದ ಸಂಜೆ

ಇಂಥ ಅನುಭವಗಳನ್ನು ಬರೆದವರನ್ನು ನಾನು ಹಿಂದೆ ಓದಿದ್ದೇನೆ, ಓದಿ ನಕ್ಕೂ ಇದ್ದೇನೆ. ಹೆದರಿದ ಮನಸ್ಸಿಗೆ ಏನು ಬೇಕಾದರೂ ಕೇಳಿಸುತ್ತದೆ ಎಂದು ನಂಬಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ಆದರೆ ಈಗ ಹೇಳಹೊರಟಿರುವ ಸಂಜೆ ನಾನು ಹೆದರಿರಲಿಲ್ಲ. ಹೆದರಿಕೆ ಬಂದದ್ದು ಆಮೇಲೆ. ಹಾಗಾಗಿ ನನ್ನ ಹಳೆಯ ವಿವರಣೆ ನನ್ನ ಉಪಯೋಗಕ್ಕೇ ಬರಲಿಲ್ಲ.

ವಿಮಾ ಕಂಪನಿಯೊಂದರ ಕಡತಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಇನ್ನು ಮನೆಯಿಂದಲೇ ಕೆಲಸ ಮಾಡಬಹುದು ಎಂದು ಕಂಪನಿ ಹೇಳಿದಾಗ ಮಂಗಳೂರಿನ ಬಾಡಿಗೆ ಕೋಣೆ ಬಿಟ್ಟು ಮೂಡುಬಿದಿರೆಗೆ, ದೊಡ್ಡಮ್ಮನ ಮನೆಗೆ ಬಂದೆ. ನನ್ನ ತಾಯಿ ಹೋದ ಮೇಲೆ ಅವರ ಅಕ್ಕನಾದ ದೊಡ್ಡಮ್ಮನೇ ನನ್ನನ್ನು ಸಾಕಿದ್ದು. ಅಕ್ಕಿ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಪೇಟೆಯ ಓಣಿಯೊಳಗಿನ ಆ ಮನೆಯಲ್ಲಿ ನಾವಿಬ್ಬರೇ.

ಮೊದಲ ಎರಡು ತಿಂಗಳು ಊಟದ ಮೇಜೇ ನನ್ನ ಆಫೀಸಾಯಿತು. ಬೆನ್ನು ನೋಯುತ್ತಿತ್ತು. ಲ್ಯಾಪ್‌ಟಾಪಿನ ಪಕ್ಕದಲ್ಲೇ ದೊಡ್ಡಮ್ಮ ತೊಂಡೆಕಾಯಿ ಹೆಚ್ಚುತ್ತ ಕೂರುತ್ತಿದ್ದರು. ಕೊನೆಗೆ ಅಡುಗೆಮನೆಯ ಆಚೆ ಇದ್ದ ಸಾಮಾನಿನ ಕೋಣೆಯನ್ನು ನನ್ನದಾಗಿ ಮಾಡಿಕೊಳ್ಳುವುದೆಂದು ನಿಶ್ಚಯಿಸಿದೆ. ಕೆಂಪು ಸಿಮೆಂಟಿನ ತಣ್ಣನೆಯ ನೆಲ, ಬಡಗು ದಿಕ್ಕಿಗೆ ಒಳ್ಳೆಯ ಕಿಟಕಿ. ದಿನವಿಡೀ ಬೆಳಕು ಬರುತ್ತದೆ, ಲ್ಯಾಪ್‌ಟಾಪಿನ ಪರದೆಗೆ ಬಿಸಿಲು ಹೊಡೆಯುವುದಿಲ್ಲ. ಗೋಡೆಗೆ ತೆಳು ಹಸಿರು ಬಣ್ಣ ಬಳಿಸಿದೆ. ಬಾಟಲಿಯಲ್ಲಿ ಬಳ್ಳಿಯೊಂದನ್ನು ಇಟ್ಟೆ. ಇನ್ವರ್ಟರಿನ ಸಂಪರ್ಕ ಕೊಡಿಸಿದೆ. ನನ್ನದು ಎನ್ನುವ ಒಂದು ಕೋಣೆ ನನಗೆ ಅದುವರೆಗೆ ಇರಲಿಲ್ಲ. ಅದನ್ನು ಚಂದ ಮಾಡುವುದರಲ್ಲಿ ನಾನು ಸ್ವಲ್ಪ ಹುಚ್ಚಿಯಂತಾಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಆ ಕೋಣೆಯಲ್ಲಿ ದೊಡ್ಡಪ್ಪನ ಅಂಗಡಿಯ ಸಾಮಾನು ತುಂಬಿತ್ತು. ಕಬ್ಬಿಣದ ತಕ್ಕಡಿ, ಐದು, ಹತ್ತು, ಇಪ್ಪತ್ತು ಕಿಲೋದ ತೂಕದ ಕಲ್ಲುಗಳು, ಮದುವೆ ಊಟಕ್ಕೆ ಬೇಯಿಸುವ ಹಿತ್ತಾಳೆಯ ಕೊಪ್ಪರಿಗೆಗಳು. ಕಿಟಕಿಯಿದ್ದ ಅರ್ಧ ಕೋಣೆಯ ಮೇಲೆ ಹಲಗೆಯ ಅಟ್ಟವಿತ್ತು. ಕಣ್ಣಿಗೆ ಬೀಳದಿದ್ದರೆ ಸಾಕು ಎಂದು ಎಲ್ಲವನ್ನೂ ಆಳುಗಳಿಂದ ಅಟ್ಟಕ್ಕೆ ಹತ್ತಿಸಿದೆ.

"ಆ ಕಲ್ಲುಗಳನ್ನು ಮೇಲೆ ಹಾಕಬೇಡ ಮಗಾ. ಬಚ್ಚಲಿನ ಹತ್ತಿರ ಇರಲಿ. ಅವು ಎಂತ ಅನ್ನ ಕೇಳ್ತವಾ?" ಎಂದರು ದೊಡ್ಡಮ್ಮ.

ಬಚ್ಚಲಿನ ಹತ್ತಿರ ಅಸಹ್ಯವಾಗಿ ಕಾಣುತ್ತದೆ ಎಂದೆ. ಮೇಜು ತಂದುಕೊಟ್ಟ ಹಮೀದಾಕನೂ ತಲೆಯೆತ್ತಿ ನೋಡಿದರು. ಗಲ್ಫಿನಲ್ಲಿ ವರ್ಷಗಟ್ಟಲೆ ಮರಗೆಲಸ ಮಾಡಿ ಬಂದು ಮೆಲ್ಕಾರಿನಲ್ಲಿ ಹಳೆಯ ಫರ್ನಿಚರಿನ ಅಂಗಡಿ ಇಟ್ಟವರು ಅವರು.

"ಅಕ್ಕಾ, ಕೆಳಗೆ ಆಫೀಸು, ಮೇಲೆ ಗೋಡೌನಾ? ದುಬೈಯಲ್ಲಿ ಎರಡಕ್ಕೂ ಬೇರೆ ಬೇರೆ ಲೈಸೆನ್ಸ್ ಬೇಕು ಮಾರಾಯ್ರೆ!"

ನಾವೆಲ್ಲ ನಕ್ಕೆವು. ಬೆಳಕು ಚೆನ್ನಾಗಿದ್ದದ್ದು ಕಿಟಕಿಯ ಬಳಿಯಲ್ಲಿ. ಅಲ್ಲೇ, ಅಟ್ಟದ ನೇರ ಕೆಳಗೆ ಮೇಜು ಹಾಕಿಸಿದೆ.

ನಾವು ಜೈನರು. ನಮ್ಮ ಮನೆಯಲ್ಲಿ ರಾತ್ರಿ ಊಟವಿಲ್ಲ, ಸೂರ್ಯ ಮುಳುಗುವ ಮೊದಲೇ ಉಂಡು ಮುಗಿಸಬೇಕು. ನನಗೆ ಮಂಗಳೂರಿನಲ್ಲಿ ಆ ನಿಯಮ ತಪ್ಪಿಹೋಗಿತ್ತು. ದೊಡ್ಡಮ್ಮ ಮತ್ತೆ ಹಿಡಿಸಿದರು. ದಿನಾ ಆರೂಕಾಲರ ಹೊತ್ತಿಗೆ ಬಾಗಿಲನ್ನು ಎರಡು ಸಲ ತಟ್ಟಿ, "ಮಗಾ, ಹೊತ್ತು ಹೋಗ್ತದೆ, ಬಾ" ಎನ್ನುವರು. ನನ್ನ ತಂಡದ ದಿನದ ಮೀಟಿಂಗ್ ಆರಕ್ಕೆ. ಒಂದು ಸಂಜೆ ಮೈಕ್ ತೆರೆದಿದ್ದಾಗಲೇ ಅವರು ಬಾಗಿಲು ದೂಡಿ, "ಪಡವಲಕಾಯಿ ಪಲ್ಯ ತಣೀತದೆ, ಆ ಪೆಟ್ಟಿಗೆಯವರಿಗೆ ಊಟ ಇಲ್ಲವಾ?" ಎಂದುಬಿಟ್ಟರು. ಹನ್ನೆರಡು ಮಂದಿ ನಕ್ಕರು. "ನಿಮ್ಮಲ್ಲಿ ಊಟದ ಬೆಲ್ ಇಷ್ಟು ಬೇಗ ಹೊಡೆಯುತ್ತಾ ಮೇಡಂ?" ಎಂದರು ಮ್ಯಾನೇಜರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ನನ್ನ ಮುಖ ಉರಿಯಿತು.

ಮೀಟಿಂಗ್ ಮುಗಿದ ಮೇಲೆ ಹೋಗಿ, "ಇನ್ನು ನನ್ನನ್ನು ಕರೆಯಬೇಡಿ ದೊಡ್ಡಮ್ಮ. ನಾನೇನು ಶಾಲೆಗೆ ಹೋಗುವ ಮಗುವಾ? ಹಸಿವಾದರೆ ನಾನೇ ಬರ್ತೇನೆ" ಎಂದೆ. ಸ್ವರ ಸ್ವಲ್ಪ ಏರಿತ್ತು. ಅವರು ತಟ್ಟೆ ತೊಳೆಯುತ್ತಿದ್ದರು. "ಆಯ್ತು" ಎಂದರು, ಅಷ್ಟೇ.

ಮರುದಿನ ಅವರು ಕರೆಯಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಪಾಲಿನದನ್ನು ಮುಚ್ಚಿಟ್ಟು, ಅವರೊಬ್ಬರೇ ಉಂಡು ಏಳುತ್ತಿದ್ದರು. ಮಾತೂ ಎರಡು ಮೂರು ಶಬ್ದಕ್ಕೆ ಇಳಿದಿತ್ತು.

ಮೂರನೆಯ ಸಂಜೆ. ಬೇಸಿಗೆ, ಗಾಳಿಯಿಲ್ಲ. ನಾನು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ನನ್ನ ಭಾಗವನ್ನು ಆಗತಾನೇ ಓದಿ ಮುಗಿಸಿದ್ದೆ, ಮೈಕ್ ಇನ್ನೂ ತೆರೆದೇ ಇತ್ತು. ಬಾಗಿಲು ಎರಡು ಸಲ ತಟ್ಟಿದ್ದು ಕೇಳಿಸಿತು. "ಮಗಾ, ಹೊತ್ತು ಹೋಗ್ತದೆ, ಬಾ." ಎಂದಿನ ಹಾಗೆಯೇ ಮೆತ್ತಗೆ. ಸಿಟ್ಟು ಇಳಿಯಿತಲ್ಲ ಎಂದು ನನಗೆ ಸಂತೋಷವೇ ಆಯಿತು. ಆ ಸಂತೋಷದಲ್ಲೇ ಹೆಡ್‌ಫೋನ್ ತೆಗೆದಿಟ್ಟು, "ಬಂದೆ ದೊಡ್ಡಮ್ಮ" ಎಂದು ಎದ್ದೆ.

ಬಾಗಿಲಾಚೆ ಯಾರೂ ಇರಲಿಲ್ಲ. ಅಡುಗೆಮನೆಗೆ ಹೋದೆ. ದೊಡ್ಡಮ್ಮ ಮಣೆಯ ಮೇಲೆ ಕೂತು ಉಣ್ಣುತ್ತಿದ್ದರು. ಕೈ ಅನ್ನದಲ್ಲಿತ್ತು.

"ಕರೆದಿರಾ?"

"ನಾನು ಯಾಕೆ ಕರೀಲಿ? ಬೇಡ ಅಂದದ್ದು ನೀನೇ ಅಲ್ವಾ?" ಅವರು ಮುಖ ಎತ್ತಲಿಲ್ಲ.

ಆಗ ಆ ಶಬ್ದ ಬಂತು. ಅದನ್ನು ವರ್ಣಿಸಲು ನನಗೆ ಬರುವುದಿಲ್ಲ. ಗೋಡೆಯ ಹಲಗೆಯ ಮೇಲಿದ್ದ ಪಾತ್ರೆಗಳು ಅದುರಿದವು. ಓಡಿ ಹೋಗಿ ನೋಡಿದರೆ ಕೋಣೆಯಲ್ಲಿ ಬರೀ ಧೂಳು. ಅದು ಇಳಿದ ಮೇಲೆ ಕಂಡೆವು. ಅಟ್ಟ ಇಡೀ ಕೆಳಗಿತ್ತು. ಮೇಜು ಎರಡು ತುಂಡಾಗಿತ್ತು. ನಾನು ಕೂತಿದ್ದ ಕುರ್ಚಿಯ ಬೆನ್ನನ್ನು ಮುರಿದು ಇಪ್ಪತ್ತು ಕಿಲೋದ ಒಂದು ಕಲ್ಲು ಸೀಟಿನ ಮೇಲೆ ಕೂತಿತ್ತು.

ದೊಡ್ಡಮ್ಮ ಎಂಜಲು ಕೈಯಲ್ಲೇ ನನ್ನ ತೋಳು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಎರಡು ದಿನ ಬಿಟ್ಟು ಹಮೀದಾಕ ಬಂದು ಮುರಿದ ತೊಲೆಯನ್ನು ಬೆರಳಿನಿಂದ ಒತ್ತಿದರು. ಹಿಟ್ಟಿನಂತೆ ಉದುರಿತು. ಹೊರಗೆ ಬಣ್ಣ, ಒಳಗೆಲ್ಲ ಗೆದ್ದಲು. ನಾನು ಕೇಳಿದ್ದನ್ನು ಅವರಿಗೆ ಹೇಳಿದೆ. "ಮರ ಮುರಿಯುವ ಮೊದಲು ಟಕ್ ಟಕ್ ಅಂತದೆ ಅಕ್ಕಾ. ಅದನ್ನೇ ನೀವು ಬಾಗಿಲು ಅಂದುಕೊಂಡದ್ದು" ಎಂದರು. ನನಗೂ ಅದು ಸರಿ ಎನಿಸಿತು. ನಿಜ ಹೇಳುತ್ತೇನೆ, ಅದನ್ನು ನಂಬಲು ನಾನು ತುಂಬಾ ಆಸೆಪಟ್ಟೆ.

ಆದರೆ ದೊಡ್ಡಮ್ಮನ ಸ್ಥಿತಿ ಬೇರೆ. ತಾನು ಆ ದಿನ ಕರೆಯಲಿಲ್ಲ, ತನ್ನ ಹಟದಿಂದ ತಂಗಿಯ ಮಗಳು ಸಾಯುತ್ತಿದ್ದಳು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತು. ಪ್ರಾಯಶ್ಚಿತ್ತ ಎಂದು ಸಂಜೆಯ ಊಟವನ್ನೇ ಬಿಟ್ಟರು. ಮಧ್ಯಾಹ್ನ ಒಂದೇ ಹೊತ್ತು. ತಪ್ಪು ನನ್ನದು, ಕಲ್ಲು ಹತ್ತಿಸಿದ್ದು ನಾನು, ಬೇಡವೆಂದವರು ನೀವು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನೀವು ಕರೆದದ್ದಕ್ಕೇ ನಾನು ಎದ್ದೆ ಎಂದರೆ, "ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ" ಎನ್ನುತ್ತಿದ್ದರು. ತಿಂಗಳೊಳಗೆ ಅವರ ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ನಮ್ಮ ಮೀಟಿಂಗುಗಳೆಲ್ಲ ರೆಕಾರ್ಡ್ ಆಗುತ್ತವೆ. ಅದು ನೆನಪಾಗಿ, ಮೈಸೂರಿನ ಸಹೋದ್ಯೋಗಿಯೊಬ್ಬಳಿಂದ ಆ ಸಂಜೆಯದ್ದನ್ನು ತರಿಸಿಕೊಂಡೆ. ಅದನ್ನು ಕೇಳಿಸಿದರೆ ದೊಡ್ಡಮ್ಮ ನಂಬಿ ಒಂದು ತುತ್ತು ಉಂಡಾರು ಎಂಬ ಆಸೆ. ನಾನು ಮೊದಲು ಕೇಳಬೇಕಿತ್ತು. ಆತುರದಲ್ಲಿ ಅವರ ಎದುರಿಗೇ ಹಾಕಿದೆ. ನನ್ನ ಓದು ಮುಗಿಯಿತು. ಫ್ಯಾನಿನ ಸದ್ದು. ಬಾಗಿಲು ತಟ್ಟಿದ್ದಿಲ್ಲ, ಕರೆದದ್ದಿಲ್ಲ, ಮರ ಬಿರಿದ ಟಕ್ ಟಕ್ ಕೂಡ ಇಲ್ಲ. ಆ ಮೌನದೊಳಗೆ "ಬಂದೆ ದೊಡ್ಡಮ್ಮ" ಎಂಬ ನನ್ನ ಸ್ವರ. ಕುರ್ಚಿ ಸರಿದದ್ದು. ಹೆಜ್ಜೆ. ಸುಮಾರು ಅರ್ಧ ನಿಮಿಷದ ಮೇಲೆ ಆ ಶಬ್ದ.

"ಇದರಲ್ಲಿ ನನ್ನ ಸ್ವರ ಎಲ್ಲುಂಟು?" ಎಂದರು ದೊಡ್ಡಮ್ಮ.

ಆ ತುಣುಕನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಅರ್ಧ ನಿಮಿಷ ಪ್ರತಿ ಸಲವೂ ನನಗೆ ಸಾಲದಂತೆ ಕಾಣುತ್ತದೆ.

ಮರುವರ್ಷ ದೊಡ್ಡಮ್ಮ ಜ್ವರ ಬಂದು ಮಲಗಿದರು. ಸಂಜೆಗೆ ಗಂಜಿಯಾದರೂ ಕೊಡಿ ಎಂದರು ಡಾಕ್ಟರು. ಅದಕ್ಕೂ ದೊಡ್ಡಮ್ಮ ಬಾಯಿ ತೆರೆಯಲಿಲ್ಲ. ಒಂದು ಮಧ್ಯಾಹ್ನ ನಾನು ಕಾಲು ಒತ್ತುತ್ತಿದ್ದಾಗ, ತಾವಾಗಿಯೇ ಕೇಳಿದರು.

"ಆ ದಿನ ನಿನಗೆ ನಿಜವಾಗಿ ಕೇಳಿತಾ?"

"ಕೇಳಿತು ದೊಡ್ಡಮ್ಮ. ದೇವರಾಣೆ."

"ಹೇಗಿತ್ತು ಸ್ವರ? ಸಿಟ್ಟಿತ್ತಾ?"

"ಇಲ್ಲ, ಸ್ವಲ್ಪವೂ ಇರಲಿಲ್ಲ. ತುಂಬಾ ಮೆತ್ತಗೆ ಕರೆದಿರಿ."

"ಹಾಗಾದರೆ ಅದು ನಾನಲ್ಲ ಮಗಾ. ನನಗೆ ಆ ದಿನ ನಿನ್ನ ಮೇಲೆ ತುಂಬಾ ಸಿಟ್ಟಿತ್ತು" ಎಂದು ಗೋಡೆಯ ಕಡೆಗೆ ಹೊರಳಿದರು.

ಅದಾಗಿ ನಾಲ್ಕನೆಯ ದಿನ ಹೋದರು. ಕರೆದದ್ದು ಅವರಲ್ಲದಿದ್ದರೆ ಯಾರು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಓದುಗರಲ್ಲಿ ಯಾರಾದರೂ ವಿವರಿಸಿದರೆ ಕೇಳುತ್ತೇನೆ, ಬಹುಶಃ ಒಪ್ಪಿಕೊಳ್ಳಲೂಬಹುದು. ನನ್ನನ್ನು ಈಗ ಕಾಡುವುದು ಅದಲ್ಲ. ಹೌದು, ಸಿಟ್ಟಿತ್ತು ಎಂದು ಒಂದು ಸುಳ್ಳು ಹೇಳಿದ್ದರೆ, ಕರೆದದ್ದು ತಾವೇ ಎಂದು ಅವರು ನಂಬುತ್ತಿದ್ದರು, ಸಂಜೆಯ ಗಂಜಿಗೆ ಬಾಯಿ ತೆರೆಯುತ್ತಿದ್ದರು.