ಓದದೆ ಬಿಟ್ಟ ರಿಪೋರ್ಟು

ಗುದದ್ವಾರದ ಪಕ್ಕ ಒಂದು ಕುರು ಎದ್ದು, ಒಡೆದು, ಮತ್ತೆ ಎದ್ದು, ಸೀರೆಗೆ ಕೀವು ಹತ್ತತೊಡಗಿದ ಮೇಲೂ ನಾನು ಒಂದು ವರ್ಷ ಬಾಯಿ ಬಿಡಲಿಲ್ಲ. ಆಗ ಮೂಡಲಗಿಯ ಕನ್ನಡ ಸಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಕೊನೆಗೆ ಗಂಡನಿಗೆ ಹೇಳಿದಾಗ ಅವರು ಹುಕ್ಕೇರಿಗೆ, ತಮ್ಮ ಸೋದರಮಾವನ ಆಸ್ಪತ್ರೆಗೆ ಕರೆದೊಯ್ದರು. ಮಾವ ಹೆಸರುವಾಸಿ ಸರ್ಜನ್.

“ಭಗಂದರ, ಫಿಸ್ಟುಲಾ ಅಂತಾರಲ್ಲ ಅದು. ಕೊಯ್ದ್ರ ಮುಗೀತು,” ಅಂದರು.

ಮುಗಿಯಲಿಲ್ಲ. ಎರಡು ಸಲ ಕೊಯ್ದರು, ಎರಡು ಸಲವೂ ಕೀವು ಮರಳಿ ಬಂತು. “ನೀ ಸ್ವಚ್ಛ ಇಟ್ಕೊಳ್ಳೂದಿಲ್ಲವ್ವಾ,” ಎಂದು ಗಂಡನ ಎದುರೇ ಹೇಳಿದರು. ನಾನು ದಿನಕ್ಕೆ ಐದು ಸಲ ಬಿಸಿನೀರಿನಲ್ಲಿ ಕೂರುತ್ತಿದ್ದೆ.

ಆಮೇಲೆ ತೋರಿಸಿದ ಗೋಕಾಕದ ಡಾಕ್ಟರಬಾಯಿಯೊಬ್ಬರು ಎಂ.ಆರ್.ಐ. ಮಾಡಿಸಲು ಬರೆದುಕೊಟ್ಟರು. ಅದಕ್ಕೆ ಬೆಳಗಾವಿಗೇ ಹೋಗಬೇಕಿತ್ತು. ಸ್ಕ್ಯಾನ್ ನೋಡಿದ ಸಣ್ಣ ವಯಸ್ಸಿನ ಡಾಕ್ಟರು ಹಾಳೆಯ ಮೇಲೆ ಗಡಿಯಾರದಂಥ ವೃತ್ತ ಬರೆದು ತೋರಿಸಿದರು.

“ನೋಡ್ರಿ ಟೀಚರ, ಒಳಗಿನ ಬಾಯಿ ಆರರ ಕಡೆ ಐತಿ. ಅಲ್ಲಿಂದ ದಾರಿ, ಮಲ ಬಿಗಿಹಿಡಿಯೂ ಸ್ನಾಯು ಐತಲ್ಲ, ಅದರ ಮ್ಯಾಲಿನ ಭಾಗ ತೂರಿ ಹೊರಗ ಬಂದೈತಿ. ಎಡಕ್ಕ ಇನ್ನೊಂದು ಕವಲು, ಅದರ ತುದಿಗೆ ಕೀವಿನ ಚೀಲ. ಅದು ಉಳಿದಿದ್ದಕ್ಕ ಮತ್ತ ಮತ್ತ ಬರಾಕತ್ತೈತಿ. ಈ ದಾರಿ ಸೀದಾ ಕೊಯ್ಯಬಾರದ್ರಿ, ಹಿಡಿತ ಹೋಗತೈತಿ. ಎಲ್ಲಾ ರಿಪೋರ್ಟಿನ್ಯಾಗ ಬರದೇನಿ. ಆಪರೇಷನ್ ಮಾಡೋರು ಮೊದಲ ಓದ್ಲಿ.”

ತಪ್ಪು ನನ್ನದಲ್ಲ! ಬಸ್ಸಿನಲ್ಲಿ ಒಂದು ಬದಿಗೆ ವಾಲಿ ಕೂತು ದಾರಿಯುದ್ದಕ್ಕೂ ಅತ್ತೆ.

ಈ ಸಲ ಮೀರಜಿನ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದೆ. “ಮಾಮಾಗ ಬ್ಯಾಸರಾಗತೈತಿ,” ಅಂದರು ಗಂಡ. ಮತ್ತೆ ಹುಕ್ಕೇರಿಯೇ. ಮಾವ ಫಿಲ್ಮನ್ನು ಕಿಟಕಿಯ ಬೆಳಕಿಗೆ ಒಮ್ಮೆ ಹಿಡಿದು ಕೆಳಗಿಟ್ಟರು. ರಿಪೋರ್ಟಿನ ಲಕೋಟೆ ಮುಟ್ಟಲಿಲ್ಲ.

“ಇಷ್ಟು ವರ್ಷ ಬೆರಳಿಲೇ ನೋಡೇನಿ. ಈ ಫೋಟೋ ಏನು ಹೇಳತಾವ?”

“ಓದ್ರಿ ಮಾಮಾ, ಎರಡ ಹಾಳಿ ಐತಿ.”

“ಸುಮ್ನಿರು. ಅವರಿಗೇ ಕಲಸ್ತೀ ಏನು?” ಗಂಡ ಗದರಿದರು.

ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮೂರನೆಯ ಸಲ ಸೀದಾ ಕೊಯ್ದರು. ರಜೆ ಮುಗಿಸಿ ಸಾಲೆಗೆ ಹೋದ ವಾರದಲ್ಲೇ, ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಾಗ, ನನಗೆ ಗೊತ್ತೇ ಆಗದಂತೆ ಹಿಡಿತ ತಪ್ಪಿ ಸೀರೆ ಕೆಟ್ಟಿತು. ಮಕ್ಕಳು ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯರು ಮೂಗಿಗೆ ಲಂಗ ಹಿಡಿದು ತಲೆ ತಗ್ಗಿಸಿದರು. ನಕ್ಕಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅಂದಿನಿಂದ ದಿನಾ ಸಂಜೆ ಸಾಲೆ ಬಿಡುವ ತನಕ ಹೊಟ್ಟೆಗೆ ಏನೂ ಹಾಕದೆ ಪಾಠ ಮಾಡುವುದನ್ನು ಕಲಿತೆ.

ಆಮೇಲೆ ಯಾರನ್ನೂ ಕೇಳದೆ ಒಬ್ಬಳೇ ಮೀರಜಿಗೆ ಹೋದೆ. ಅಲ್ಲಿಯ ಸರ್ಜನ್ ಲಕೋಟೆಯ ಪಿನ್ನು ಕಿತ್ತು, ರಿಪೋರ್ಟನ್ನು ಎರಡು ಸಲ ಓದಿದರು. ಎಡಗಡೆಯ ಚೀಲ ಖಾಲಿ ಮಾಡಿ, ಉಳಿದ ದಾರಿಯಲ್ಲಿ ಕೀವು ಬಸಿದುಹೋಗಲೆಂದು ದಾರ ಹಾಕಿ ತಿಂಗಳುಗಟ್ಟಲೆ ಬಿಟ್ಟರು. ಕೀವು ನಿಂತಿತು. ಕೊಯ್ದ ಸ್ನಾಯು ಮಾತ್ರ ಮೊದಲಿನಂತೆ ಆಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗೇ ಆಯಿತು.

ಮುಂದೆ ಗೋಕಾಕದಲ್ಲಿ ನಂಟರ ಸೀಮಂತದ ಊಟದ ಹೊತ್ತಿಗೆ ಮಾವ ನನ್ನತ್ತ ಕೈ ತೋರಿಸಿ, “ಮೂರು ಸಲ ಮಾಡಿ ಹುಡುಗೀನ ಉಳಿಸಿದೆ ನೋಡ್ರಿ,” ಎಂದರು. ನನ್ನ ಗಂಡ ಹೌದೆಂದು ತಲೆಯಾಡಿಸಿದರು. ನಾನು ಎಲೆ ಬಿಟ್ಟು ಎದ್ದೆ. ಆ ಮೇಲೆ ಅವರ ಕಡೆಯ ಯಾವ ಕಾರ್ಯಕ್ಕೂ ಹೋಗಿಲ್ಲ. ಕೇಳಿದವರಿಗೆ ಗಂಡ, “ಆಕಿಗಿ ಆರಾಮಿಲ್ರಿ,” ಅನ್ನುತ್ತಾರೆ.